ನೂರರಲ್ಲಿ ಎಷ್ಟು ತಲುಪುತ್ತೆ?

ಚಿಕ್ಕಪ್ಪ: (ಫಾರ್ವರ್ಡ್) ದಾನಿಗಳೇ ಎಚ್ಚರ!! ನೀವು ಕೊಡುವ 100ರಲ್ಲಿ 85 ಹಣ ಎತ್ತುವ ಏಜೆಂಟರ ಜೇಬಿಗೆ! ದೇಣಿಗೆ ಎತ್ತುವ ಖರ್ಚು 20 ಪರ್ಸೆಂಟ್ ದಾಟಿದ ಸಂಸ್ಥೆಗೆ ಬೀಗ ಹಾಕಬೇಕು. ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ಇದರಲ್ಲಿ ತಪ್ಪೇನಿದೆ, ಯಾರಾದ್ರೂ ಹೇಳಿ ನೋಡೋಣ.

ಅತ್ತೆ: ಅಯ್ಯೋ ಅಣ್ಣಾ, ನಂಗೆ ಫೋನ್ ಮಾಡೋ ಹುಡುಗಿ ಎಷ್ಟು ನಯವಾಗಿ ಮಾತಾಡ್ತಾಳೆ. ಅವಳೂ ಏಜೆಂಟಾ?

ಭಾವ: ಇದ್ರೆ ಇರ್ಲಿ ಬಿಡಿ ಅತ್ತೆ. ಅವಳಿಗೂ ಹೊಟ್ಟೆಪಾಡು.

ಚಿಕ್ಕಪ್ಪ: ಸಂಬಳ ತಗೊಳ್ಲಿ, ಬೇಡ ಅಂದೋರ್ಯಾರು? ಕಮಿಷನ್ ಯಾಕೆ?

ಶೈಲಕ್ಕ: ಚಿಕ್ಕಪ್ಪ, ಆ 85 ಗಾಳಿಮಾತಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಾಜಿ ಸೈನಿಕರ ಹೆಸರಲ್ಲಿ ಫೋನ್ ಮಾಡಿ ಹಣ ಎತ್ತುತ್ತಿದ್ದ ಕಂಪನಿಯ ಒಪ್ಪಂದದಲ್ಲೇ ಅಷ್ಟಿತ್ತು. 1987ರಿಂದ 1995ರವರೆಗೆ ಸುಮಾರು 71 ಲಕ್ಷ ಡಾಲರ್ ಎತ್ತಿದ್ರು, ಸಂಸ್ಥೆಗೆ ಮುಟ್ಟಿದ್ದು 11 ಲಕ್ಷದ ಆಸುಪಾಸು. ಹಣ ಕೊಟ್ಟವರೊಬ್ಬರಿಗೆ ಫೋನಲ್ಲಿ ಹೇಳಿದ್ದೇನು ಗೊತ್ತಾ? 90 ಪರ್ಸೆಂಟೋ ಇನ್ನೂ ಹೆಚ್ಚೋ ಸೈನಿಕರಿಗೇ ಹೋಗುತ್ತೆ ಅಂತ!

ಚಿಕ್ಕಪ್ಪ: ನೋಡಿದ್ರಾ! ನಾನು ಹೇಳಿದ್ದೂ ಅದೇ.

ಶೈಲಕ್ಕ: ಪೂರ್ತಿ ಕೇಳಿ. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಇಂಥ ಸುಳ್ಳಿಗೆ ವಂಚನೆ ಕೇಸು ಹಾಕಬಹುದು ಅಂತು. ಕಮಿಷನ್ ಜಾಸ್ತಿ ಅನ್ನೋದೊಂದೇ ವಂಚನೆ ಆಗಲ್ಲ ಅಂತಲೂ ಅಂತು. ನಿಮ್ಮ ಫಾರ್ವರ್ಡ್ ಕೇಳೋ ಥರದ ಮಿತಿ ಅಲ್ಲಿನ ನಾರ್ತ್ ಕೆರೊಲಿನಾ ರಾಜ್ಯದಲ್ಲಿತ್ತು, 35 ಪರ್ಸೆಂಟ್ ದಾಟಿದ್ರೆ ಅನ್ಯಾಯದ ಶುಲ್ಕ ಅಂತ ಎಣಿಸೋದು. ಅದೇ ಸುಪ್ರೀಂ ಕೋರ್ಟಿನ ತೀರ್ಪಿಂದ 1988ರಲ್ಲೇ ಬಿದ್ದುಹೋಯ್ತು.

ಭಾವ: ಬೀಳ್ಬೇಕಾದ್ದೇ. ಯಾರಿಗೂ ಗೊತ್ತಿಲ್ಲದ ಕಾಯಿಲೆಗೆ ಹೊಸದಾಗಿ ಸಂಸ್ಥೆ ಕಟ್ಟಿದವರು ಮೊದಲ ವರ್ಷ 20ರೊಳಗೆ ಹಣ ಎತ್ತೋದು ಹೇಗೆ? ಹೆಸರು ಮಾಡಿದ ದೊಡ್ಡವರಿಗೆ ಮಾತ್ರ ಅದು ಸಾಧ್ಯ.

ಪುಟ್ಟ: ಅಪ್ಪಾ, ಮಿತಿ ಹಾಕಿದ್ರೆ ಲೆಕ್ಕ ತಿದ್ತಾರೆ, ಅಷ್ಟೇ.

ಶೈಲಕ್ಕ: ಪುಟ್ಟ ಸರಿಯಾಗಿ ಹೇಳ್ದ. ದೇಣಿಗೆ ಕೇಳೋ ಪತ್ರ ಬರುತ್ತಲ್ಲ, ನಾಲ್ಕು ಪುಟ, ಜೊತೆಗೊಂದು ವಾಪಸ್ ಕವರ್. ಕೊನೇ ಪುಟದ ಮೂಲೇಲಿ ‘ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಿ’ ಅಂತ ಒಂದು ಸಾಲು ತುರುಕ್ತಾರೆ. ಆ ಸಾಲು ತೋರಿಸಿ ಛಪಾಯಿ, ಅಂಚೆ ಖರ್ಚಲ್ಲಿ ಒಂದು ಪಾಲನ್ನ ‘ಜನಜಾಗೃತಿ’ ಖಾತೆಗೆ ದಾಟಿಸ್ತಾರೆ, ದೇಣಿಗೆ ಎತ್ತೋ ಖರ್ಚು ಕಮ್ಮಿ ಕಾಣುತ್ತೆ. ಲೆಕ್ಕಪತ್ರದ ನಿಯಮ ಇದಕ್ಕೆ ಷರತ್ತು ಹಾಕಿದೆ, ಆದ್ರೆ ಎಷ್ಟು ಪಾಲು ಅನ್ನೋದು ಕೊನೆಗೆ ಬರೆಯೋರ ಅಂದಾಜೇ. ಇನ್ನು ವಸ್ತುರೂಪದ ದಾನ. ಅದಕ್ಕೆ ಬಾಯಿಗೆ ಬಂದ ಬೆಲೆ ಕಟ್ಟಿದ್ರೆ ಸೇವೆಯ ಖರ್ಚು ಬೆಟ್ಟದಷ್ಟು ಕಾಣುತ್ತೆ, ಕಮಿಷನ್ ಸಾಸಿವೆ ಆಗುತ್ತೆ. 2015ರಲ್ಲಿ ಕ್ಯಾನ್ಸರ್ ಫಂಡ್ ಆಫ್ ಅಮೆರಿಕ ಮತ್ತು ಅದರ ಜೊತೆಗಿದ್ದ ಮೂರು ಸಂಸ್ಥೆಗಳ ಮೇಲೆ 50 ರಾಜ್ಯಗಳೂ ಸೇರಿ ದಾವೆ ಹೂಡಿದಾಗ ಇದೂ ಒಂದು ಆರೋಪ. 18.7 ಕೋಟಿ ಡಾಲರ್ ವ್ಯವಹಾರ ಅದು.

ಅತ್ತೆ: ಕ್ಯಾನ್ಸರ್ ಹೆಸರಲ್ಲಾ?! ಒಳ್ಳೇದಾಗುತ್ತಾ ಅವರಿಗೆ?

ಚಿಕ್ಕಪ್ಪ: ಹಾಗಾದ್ರೆ ಸುಮ್ಮನೆ ಕೂತ್ಕೋಬೇಕೇನಮ್ಮ?

ಶೈಲಕ್ಕ: ಬೇಡ. ಹಣ ಕೇಳೋವಾಗ್ಲೇ ಬಾಯಿಬಿಟ್ಟು ಹೇಳ್ಲಿ: ನಾನು ದುಡ್ಡಿಗೆ ಕೆಲಸ ಮಾಡೋನು, ನಮಗೆ ಸಿಗೋದು ಇಷ್ಟು. ಇಂಗ್ಲೆಂಡ್, ವೇಲ್ಸ್‌ನಲ್ಲಿ 1992ರ ಚಾರಿಟೀಸ್ ಕಾಯ್ದೆಯಿಂದ ಇದು ಕಡ್ಡಾಯ.

ಭಾವ: ನೀನು ಹೇಳಿದ ಅದೇ 1988ರ ತೀರ್ಪು, ಕೇಳೋ ಮುಂಚೆ ಪರ್ಸೆಂಟ್ ಹೇಳಿಸೋದನ್ನೂ ಹೊಡೆದುಹಾಕಿತ್ತಲ್ಲ ಶೈಲಾ? ಅದನ್ನ ಯಾಕೆ ನುಂಗಿದೆ?

ಪುಟ್ಟ: ಭಾವ ಓದ್ಕೊಂಡು ಬಂದಿದಾರೆ, ಹುಷಾರು ಅಕ್ಕ

ಶೈಲಕ್ಕ: ನುಂಗಿಲ್ಲ ರೀ, ಬರ್ತಿದ್ದೆ. ಆ ಭಾಗ ನಂಗೆ ಒಪ್ಪಿಗೆ ಇಲ್ಲ. ಆದ್ರೂ ಕೋರ್ಟು ಎರಡು ಬಾಗಿಲು ತೆರೆದಿಟ್ಟಿತು. ದುಡ್ಡಿಗೆ ಕೇಳ್ತಿದೀನಿ ಅಂತ ಹೇಳಿಸಬಹುದು, ಅವರು ಸಲ್ಲಿಸಿದ ಲೆಕ್ಕವನ್ನ ಸರ್ಕಾರವೇ ಪ್ರಕಟಿಸಬಹುದು.

ಭಾವ: ಪ್ರಕಟಿಸ್ಲಿ, ಆದ್ರೆ ಒಂದೇ ವರ್ಷದ್ದು ನೋಡಿ ಕಳ್ಳ ಅನ್ನಬೇಡಿ. ಐದು ವರ್ಷದ್ದು ಒಟ್ಟಿಗೆ ಹಾಕ್ಲಿ.

ಶೈಲಕ್ಕ: ಐದು ವರ್ಷಕ್ಕೆ ನಂದೂ ಒಪ್ಪಿಗೆ. ಕಮಿಷನ್‌ಗೆ ಮಾತ್ರ ಇಲ್ಲ. ಎತ್ತಿದ್ರಲ್ಲಿ ಪರ್ಸೆಂಟ್ ತಗೋಬಾರದು ಅಂತ ದೇಣಿಗೆ ಎತ್ತೋರ ಸಂಘದ ನೀತಿಸಂಹಿತೆಯೇ ಹೇಳುತ್ತೆ. ನಿಗದಿತ ಫೀಸು ತಗೊಳ್ಲಿ.

ಭಾವ: ಸಣ್ಣ ಸಂಸ್ಥೆ ಫೀಸು ಎಲ್ಲಿಂದ ತರುತ್ತೆ? ಹಣ ಬರದೇ ಹೋದ್ರೆ ಫೀಸೂ ಮೈಮೇಲೆ.

ಶೈಲಕ್ಕ: ಅದಕ್ಕೇ 85 ಬರ್ಕೊಡ್ತಾರಾ?

ಅತ್ತೆ: ನೀವಿಬ್ರೂ ಮನೇಲಿ ಕೂತು ಜಗಳ ಆಡಿ. ಶೈಲಾ, ಆ ಹುಡುಗಿ ಮತ್ತೆ ಫೋನ್ ಮಾಡಿದ್ರೆ ಏನು ಕೇಳ್ಲಿ?

ಶೈಲಕ್ಕ: ಸಂಸ್ಥೆಯವಳಾ, ಹೊರಗಿನ ಕಂಪನಿಯವಳಾ ಕೇಳಿ. ಕಂಪನಿ ಅಂದ್ರೆ ಒಪ್ಪಂದ ಎಷ್ಟಕ್ಕೆ ಅಂತ ಕೇಳಿ. ಉತ್ತರ ಏನೇ ಬರ್ಲಿ, ಕೊಡೋದಿದ್ರೆ ನೇರ ಸಂಸ್ಥೆಯ ಖಾತೆಗೇ ಹಾಕಿ ಅತ್ತೆ.

ಚಿಕ್ಕಪ್ಪ: ಎಲ್ಲಾ ಸರಿ. 20ರ ಸಾಲು ಮಾತ್ರ ನಾನು ತೆಗೆಯಲ್ಲ.

ಪುಟ್ಟ: ಹೇಗೆ ತೆಗೀತಾರೆ, ಆಗ್ಲೇ ವಾಕಿಂಗ್ ಗ್ರೂಪಿಗೂ ಹಾಕಾಗಿದೆ