ನನ್ನ ಹೊಲಿಗೆ ಘಟಕದಲ್ಲಿ ಬೆಳಗಿನ ಪ್ರಾರ್ಥನೆ: ಸರಿಯಾಗಿ ಮಾಡ್ತಿದ್ದೀನಾ?

ಸೂಜಿದಾರ

ಎಲ್ಲರಿಗೂ ವಂದನೆಗಳು. ಹೆಣ್ಣುಮಕ್ಕಳ ಉಡುಪು ಹೊಲಿಯುವ ಸಣ್ಣ ಘಟಕ ನಡೆಸ್ತಿದ್ದೀನಿ. ಏಳು ಯಂತ್ರ, ಆರು ಜನ ಹೆಂಗಸರು. ಬಟ್ಟೆ ಕತ್ತರಿಸುವುದು, ಲೆಕ್ಕ ಬರೆಯುವುದು ನಾನೇ. ಒಂಬತ್ತು ವರ್ಷದ ಹಿಂದೆ ಮೊದಲ ಯಂತ್ರ ಬಂದ ದಿನ ಅದರ ಮೇಲೆ ಕೈಯಿಟ್ಟು, "ಕರ್ತನೇ, ಇದು ನಿನ್ನದು, ನಾನು ನೋಡಿಕೊಳ್ಳುವವಳು ಮಾತ್ರ" ಅಂತ ಪ್ರಾರ್ಥಿಸಿದ್ದೆ. ಅದು ಬಾಯಿಮಾತಲ್ಲ, ಇವತ್ತಿಗೂ ಹಾಗೇ ನಂಬಿದ್ದೀನಿ.

ದಿನಾ ಕೆಲಸ ಶುರುವಾಗುವ ಮೊದಲು ಕಾಲು ಗಂಟೆ ಆರಾಧನೆ ಮಾಡ್ತೀವಿ. ಒಂದು ಹಾಡು, ಒಂದು ಕೀರ್ತನೆ ಓದುವುದು, ಆಮೇಲೆ ಪ್ರಾರ್ಥನೆ. ಕೆಲಸದವರಲ್ಲಿ ಮೂವರು ನಮ್ಮ ಚರ್ಚಿನ ಸಭೆಯವರೇ. ಇನ್ನಿಬ್ಬರು ಬೇರೆ ಧರ್ಮದವರಾದರೂ ಹಾಡಿಗೆ ದನಿಗೂಡಿಸ್ತಾರೆ. ಹೋದ ತಿಂಗಳು ಹೊಸದಾಗಿ ಒಬ್ಬಳು ಸೇರಿದ್ದಾಳೆ, ಅವಳೂ ಬೇರೆ ಧರ್ಮದವಳು. ಮೊನ್ನೆ ಪ್ರಾರ್ಥನೆಯ ನಡುವೆ ಯಾಕೋ ಕಣ್ಣು ಬಿಟ್ಟೆ. ಅವಳು ತಲೆ ತಗ್ಗಿಸಿ ಬಾಬಿನ್‌ಗೆ ದಾರ ಸುತ್ತುತ್ತಿದ್ದಳು. ಯಂತ್ರದಲ್ಲಿ ಸುತ್ತಿದರೆ ಸದ್ದಾಗುತ್ತೆ ಅಂತ ಕೈಯಲ್ಲೇ, ಒಂದೊಂದೇ ಸುತ್ತು. ನನ್ನನ್ನು ಕಂಡ ತಕ್ಷಣ ಬಾಬಿನ್ನನ್ನು ಮಡಿಲಲ್ಲಿ ಬಚ್ಚಿಟ್ಟು ಕಣ್ಣು ಮುಚ್ಚಿಕೊಂಡಳು.

ಅವತ್ತಿಂದ ನನಗೆ ಸಮಾಧಾನ ಇಲ್ಲ. ಅವಳು ಕಣ್ಣು ಮುಚ್ಚಿದ್ದು ದೇವರಿಗಾಗಿ ಅಲ್ಲ, ನನಗೆ ಹೆದರಿ. ನಮ್ಮ ಸಭಾಪಾಲಕರನ್ನು ಕೇಳಿದೆ. "ಇದು ನಿಮ್ಮ ಸಾಕ್ಷಿ, ನಿಲ್ಲಿಸಬೇಡಿ" ಅಂದರು.

ಇನ್ನೂ ಎರಡು ವಿಷಯ ಇದೆ. ಆರ್ಡರ್ ಜಾಸ್ತಿ ಇದ್ದಾಗ ಭಾನುವಾರ ಬೀಗದ ಕೈ ಕೆಲಸದವರಿಗೆ ಕೊಟ್ಟು ನಾನು ಆರಾಧನೆಗೆ ಹೋಗ್ತೀನಿ, ಅದು ತಪ್ಪಾ? ಮತ್ತೆ, ಸಭೆಯ ಅಕ್ಕಂದಿರು "ನಮ್ಮವರೇ ಅಲ್ವಾ" ಅಂತ ಹೊಲಿಗೆ ದರ ಇಳಿಸಲು ಕೇಳ್ತಾರೆ. ಅವರೇ ಬೈಬಲಿನ ಜ್ಞಾನೋಕ್ತಿ 31 ತೋರಿಸಿ, ಮನೆ ಮೊದಲು ನೋಡಿಕೋ ಅಂತಾನೂ ಹೇಳ್ತಾರೆ. ವ್ಯಾಪಾರ ಮಾಡುತ್ತಾ ನಂಬಿಕೆ ಉಳಿಸಿಕೊಂಡಿರುವ ಸಹೋದರಿಯರು ದಯವಿಟ್ಟು ಉತ್ತರಿಸಿ.

ಜವಳಿಯಕ್ಕ

ತಂಗೀ, ಮೊದಲು ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಕೆಲಸದವರಿಗೆ ತಿಂಗಳ ಸಂಬಳವಾ, ಇಲ್ಲ ಪೀಸ್ ಲೆಕ್ಕವಾ? ಪೀಸ್ ಲೆಕ್ಕ ಆದರೆ ಆ ಕಾಲು ಗಂಟೆ ಅವರ ಕೂಲಿಯಿಂದ ಹೋಗ್ತಿದೆ. ವಾರಕ್ಕೆ ಆರು ದಿನ ಅಂದರೂ ಒಂದೂವರೆ ಗಂಟೆ. ಆ ಹುಡುಗಿ ದಾರ ಸುತ್ತುತ್ತಿದ್ದದ್ದು ನಿನ್ನ ದೇವರ ಮೇಲಿನ ಅಸಡ್ಡೆಯಿಂದ ಅಂತ ನನಗೆ ಅನ್ನಿಸಲ್ಲ. ಕಳೆದುಹೋಗುವ ಹೊತ್ತಲ್ಲಿ ಸ್ವಲ್ಪವನ್ನಾದರೂ ಉಳಿಸಿಕೊಳ್ಳೋಣ ಅಂತ ಇರಬೇಕು.

ದಾವೀದ ರಾಜನ ವಿಷಯ ನೆನಪಿದೆಯಲ್ಲ, 2 ಸಮುವೇಲ 24ರಲ್ಲಿ? ಅರೌನ ಎಂಬವನು ತನ್ನ ಕಣವನ್ನೂ ಎತ್ತುಗಳನ್ನೂ ಪುಕ್ಕಟೆಯಾಗಿ ಕೊಡ್ತೀನಿ ಅಂದಾಗ ಅವನು ಒಪ್ಪಲಿಲ್ಲ. ತನಗೆ ಖರ್ಚಿಲ್ಲದ್ದನ್ನು ದೇವರಿಗೆ ಅರ್ಪಿಸಲ್ಲ ಅಂತ ಐವತ್ತು ಶೆಕೆಲ್ ಬೆಳ್ಳಿ ಎಣಿಸಿಕೊಟ್ಟ. ನಿನ್ನ ಬೆಳಗಿನ ಆರಾಧನೆಯ ಖರ್ಚು ಯಾರ ಕೈಯಿಂದ ಹೋಗ್ತಿದೆ ಅಂತ ನೋಡು.

ನನ್ನದೂ ಒಂದು ಹೇಳ್ತೀನಿ. ಇಪ್ಪತ್ತೆರಡು ವರ್ಷದಿಂದ ಮೀಟರ್ ಲೆಕ್ಕದಲ್ಲಿ ಬಟ್ಟೆ ಮಾರ್ತಿದ್ದೀನಿ. ಗಲ್ಲಾದ ಮೇಲೆ ವಾಕ್ಯ, ಬಿಲ್ಲಿನ ಮೇಲೆ ವಾಕ್ಯ. ಒಂದು ದಿನ ಹೊಸ ಟೇಪು ಕೊಂಡು ಹಳೆಯದರ ಪಕ್ಕ ಇಟ್ಟೆ. ಹಳೆಯದರ ತುದಿಯ ತಗಡು ಯಾವತ್ತೋ ಕಳಚಿತ್ತು. ನೂಲು ಬಿಡುತ್ತೆ ಅಂತ ನಾನೇ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದೆ. ಅದರಲ್ಲಿ ಹೋಗಿದ್ದು ಪೂರ್ತಿ ಒಂದು ಸೆಂಟಿಮೀಟರ್. ನಾನು ನೂರು ಅಂತ ಅಳೆದದ್ದೆಲ್ಲ ತೊಂಬತ್ತೊಂಬತ್ತು. ಎಷ್ಟು ದಿನದಿಂದ, ಎಷ್ಟು ಜನಕ್ಕೆ ಅಂತ ಲೆಕ್ಕ ಹಾಕಲಾಗದೆ ಅಲ್ಲೇ ಕೂತು ಅತ್ತುಬಿಟ್ಟೆ. ಅಳತೆ, ತೂಕ, ತಕ್ಕಡಿ ನ್ಯಾಯವಾಗಿರಲಿ ಅಂತ ಯಾಜಕಕಾಂಡ 19ರಲ್ಲಿ ಎಷ್ಟೋ ಸಲ ಓದಿದ್ದೆ. ಓದುವಾಗ ಅದೇ ಟೇಪು ನನ್ನ ಕೊರಳಲ್ಲೇ ನೇತಾಡ್ತಿತ್ತು. ಆವತ್ತಿಂದ ಯಾರು ಕೇಳಲಿ ಬಿಡಲಿ, ಪ್ರತಿ ತುಂಡಿಗೂ ಮೂರು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿಸೋದು. ಹಾಗೆ ಬೆರಳಿಟ್ಟು ನೋಡುವಾಗ ಒಳಗೊಳಗೇ ಪ್ರಾರ್ಥನೆ ಬರುತ್ತೆ ನನಗೆ.

ದ್ರಾಕ್ಷೆಬಳ್ಳಿ

ಅಕ್ಕ ಹೇಳಿದ ಅಳತೆಯ ಮಾತು ನಿಜ. ಆದರೆ ಪ್ರಾರ್ಥನೆ ನಿಲ್ಲಿಸಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಪೊಸ್ತಲರ ಕೃತ್ಯಗಳು 16ರ ಲುದ್ಯಳನ್ನು ನೋಡಿ. ಬೆಲೆಬಾಳುವ ಕೆನ್ನೇರಳೆ ಬಟ್ಟೆಯ ವ್ಯಾಪಾರಿ. ಅವಳು ನಂಬಿದಾಗ ಅವಳ ಮನೆಯವರೆಲ್ಲ ದೀಕ್ಷಾಸ್ನಾನ ಮಾಡಿಸಿಕೊಂಡರು. ಯಜಮಾನಿಯ ನಂಬಿಕೆ ಮನೆಯನ್ನೇ ನಡೆಸಿತು. ಇವತ್ತು ಒಬ್ಬಳಿಗೆ ಮುಜುಗರ ಅಂತ ನಿಲ್ಲಿಸಿದರೆ ನಾಳೆ ಗೋಡೆಯ ಶಿಲುಬೆಯನ್ನೂ ಇಳಿಸಬೇಕಾಗುತ್ತದೆ. ನಾಚಿಕೆಪಡಬೇಡಿ, ಸಹೋದರಿ.

ನದೀತೀರ

ದ್ರಾಕ್ಷೆಬಳ್ಳಿಯವರೇ, ಆ ಅಧ್ಯಾಯವನ್ನು ಒಂದು ವಚನ ಹಿಂದಿನಿಂದ ಓದಿ. ಅವಳ ಹೃದಯ ತೆರೆದವನು ಕರ್ತನು ಅಂತಿದೆ. ಅವಳಿಗೆ ವಾಕ್ಯ ಹೇಳಿದ ಪೌಲನೂ ತೆರೆಯಲಿಲ್ಲ, ಸಂಬಳ ಕೊಡುವವರು ಯಾರೂ ತೆರೆಯಲಿಲ್ಲ. ಅವಳು ಪ್ರಾರ್ಥನೆಗೆ ಹೋಗಿದ್ದು ಎಲ್ಲಿಗೆ? ಸಬ್ಬತ್ ಎಂಬ ವಿಶ್ರಾಂತಿಯ ದಿನ ಫಿಲಿಪ್ಪಿಯ ಊರಬಾಗಿಲಿನ ಆಚೆ, ನದೀತೀರಕ್ಕೆ. ಯಾರ ಬಲವಂತವೂ ಇಲ್ಲದೆ ಹೆಂಗಸರು ತಾವಾಗಿ ಸೇರುತ್ತಿದ್ದ ಜಾಗ ಅದು. ಪ್ರಾರ್ಥನೆ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ. ಬಾಗಿಲು ತೆರೆದಿರಲಿ ಅಂತಷ್ಟೇ. ಕೂಲಿ ಕೊಡುವ ಕೈಯೇ "ಬಾ, ಪ್ರಾರ್ಥಿಸೋಣ" ಅಂದರೆ, ಬೇಡ ಅನ್ನುವ ಧೈರ್ಯ ಯಾರಿಗಿರುತ್ತೆ?

ಸೂಜಿದಾರ, ಭಾನುವಾರದ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ. ವಿಮೋಚನಕಾಂಡ 20ರಲ್ಲಿರುವ ವಿಶ್ರಾಂತಿ ದಿನದ ಆಜ್ಞೆ ಯಜಮಾನನಿಗೆ ಮಾತ್ರ ಹೇಳಿದ್ದಲ್ಲ. ಮಗ, ಮಗಳು, ದಾಸ, ದಾಸಿ, ದನಕರು, ಊರಲ್ಲಿರುವ ಪರದೇಶಿ, ಎಲ್ಲರ ಹೆಸರೂ ಇದೆ. ಧರ್ಮೋಪದೇಶಕಾಂಡ 5ರಲ್ಲಂತೂ ನಿನ್ನ ಹಾಗೆಯೇ ನಿನ್ನ ದಾಸದಾಸಿಯರಿಗೂ ವಿಶ್ರಾಂತಿ ಸಿಗಲಿ ಅಂತ ಕಾರಣವನ್ನೇ ಕೊಟ್ಟಿದೆ. ನೀವು ಹಾಡುತ್ತಿರುವ ಹೊತ್ತಿಗೆ ಅಲ್ಲಿ ಯಂತ್ರ ಓಡುತ್ತಿದ್ದರೆ ವಿಶ್ರಾಂತಿ ನಿಮಗೊಬ್ಬರಿಗೇ ಸಿಕ್ಕಿತು. ಆರ್ಡರ್ ಒಪ್ಪಿಕೊಳ್ಳುವಾಗಲೇ ಕೊಡುವ ದಿನವನ್ನು ಮುಂದಕ್ಕೆ ಹೇಳಿ. ಕೆಲವು ಗಿರಾಕಿಗಳು ಹೋಗ್ತಾರೆ. ನನಗೂ ಹೋದರು.

ದರದ ಬಗ್ಗೆ: 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ವ್ಯಾಪಾರಿಗಳು ಚೌಕಾಸಿಯನ್ನೇ ಬಿಟ್ಟರು. ತೆಗೆದುಕೊಳ್ಳುವ ಮನಸ್ಸಿಲ್ಲದ ಬೆಲೆಯನ್ನು ಬಾಯಲ್ಲಿ ಹೇಳುವುದು ಸುಳ್ಳು, ನಿಮ್ಮ ಹೌದು ಹೌದಾಗಿರಲಿ ಅಂತ ಯೇಸು ಹೇಳಿದ್ದಾನೆ ಅನ್ನುವುದು ಅವರ ವಾದ. ಎಲ್ಲರಿಗೂ ಒಂದೇ ಬೆಲೆ. ಸಭೆಯ ಅಕ್ಕಂದಿರಿಗೂ ಅದೇ ದರ ಹೇಳಿ. ನಿಜವಾಗಿ ಕಷ್ಟದಲ್ಲಿರುವವರಿಗೆ ಯಾರಿಗೂ ತಿಳಿಯದ ಹಾಗೆ ಹೊಲಿದುಕೊಡಿ.

ಇನ್ನು ಜ್ಞಾನೋಕ್ತಿ 31. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ಭಾಗ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ನಾವು "ಗುಣವತಿ" ಅಂತ ಓದುತ್ತೇವೆ. ಹೀಬ್ರೂ ಮೂಲದಲ್ಲಿರುವುದು "ಹಯಿಲ್", ಅಂದರೆ ಬಲ, ಪರಾಕ್ರಮ. ಯುದ್ಧವೀರರಿಗೆ ಹೇಳುವ ಮಾತೂ ಅದೇ. ಆ ಹೆಂಗಸು ಹೊಲ ನೋಡಿ ಕೊಳ್ಳುತ್ತಾಳೆ, ಸ್ವಂತ ದುಡಿಮೆಯಿಂದ ದ್ರಾಕ್ಷಾತೋಟ ನೆಡುತ್ತಾಳೆ, ಬಟ್ಟೆ ನೇಯ್ದು ಮಾರುತ್ತಾಳೆ, ವರ್ತಕರಿಗೆ ನಡುಕಟ್ಟು ಒದಗಿಸುತ್ತಾಳೆ. ಮನೆ ಬಿಟ್ಟು ವ್ಯಾಪಾರ ಬೇಡ ಅನ್ನುವುದಕ್ಕೆ ಈ ಅಧ್ಯಾಯ ತೋರಿಸುವವರು ಹದಿನಾರನೆಯ ವಚನಕ್ಕೆ ಬರುವ ಮೊದಲೇ ಪುಸ್ತಕ ಮುಚ್ಚಿರುತ್ತಾರೆ. ಹಾಗೇ ಹದಿನೈದನೆಯ ವಚನವನ್ನೂ ನೋಡಿ. ಅವಳಿಗೆ ದಾಸಿಯರಿದ್ದಾರೆ, ಕತ್ತಲಿರುವಾಗಲೇ ಎದ್ದು ಅವರ ಪಾಲನ್ನು ಕೊಡುತ್ತಾಳೆ. ಎಲ್ಲವನ್ನೂ ಒಬ್ಬಳೇ ಹೊತ್ತವಳಲ್ಲ ಅವಳು. ನೀವೂ ಹೊರಬೇಕಿಲ್ಲ.

ಸೂಜಿದಾರ

ಎರಡು ವಾರ ಆಯ್ತು, ಬರೆಯಲು ತಡವಾಯಿತು. ಕ್ಷಮಿಸಿ.

ಜವಳಿಯಕ್ಕಾ, ಪೀಸ್ ಲೆಕ್ಕವೇ. ನಿಮ್ಮ ಪ್ರಶ್ನೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಈ ಯೋಚನೆ ಬಂದಿರಲಿಲ್ಲ ನನಗೆ. ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಕ್ಷಮೆ ಕೇಳಿದೆ. ಈಗ ಪ್ರಾರ್ಥನೆ ಕೆಲಸದ ಹೊತ್ತಿಗಿಂತ ಅರ್ಧ ಗಂಟೆ ಮೊದಲು. ಬರುವವರು ಬರಬಹುದು, ಬರದವರನ್ನು ಯಾಕೆ ಅಂತ ಕೇಳುವುದಿಲ್ಲ. ಮೊದಲ ದಿನ ಇಬ್ಬರು ಬಂದರು. ಎರಡನೆಯ ದಿನ ನಾನೊಬ್ಬಳೇ. ಖಾಲಿ ಯಂತ್ರಗಳ ನಡುವೆ ಒಬ್ಬಳೇ ಹಾಡುವುದು ಕಷ್ಟವಾಯಿತು, ಆದರೂ ಪೂರ್ತಿ ಹಾಡಿದೆ. ಆಮೇಲೆ ಒಂದೊಂದು ಯಂತ್ರದ ಮುಂದೆ ನಿಂತು ಅಲ್ಲಿ ಕೂರುವವಳ ಹೆಸರು ಹೇಳಿ ಪ್ರಾರ್ಥಿಸಿದೆ. ಆರು ಜನ ಸುತ್ತ ಕೂತಿದ್ದಾಗ ಅವರ ಹೆಸರು ಹಿಡಿದು ಹೀಗೆ ಪ್ರಾರ್ಥಿಸಿರಲಿಲ್ಲ ನಾನು.

ಭಾನುವಾರ ಬೀಗದ ಕೈ ಈಗ ನನ್ನ ಹತ್ತಿರವೇ. ಒಂದು ದೊಡ್ಡ ಆರ್ಡರ್ ಕೈತಪ್ಪಿತು. ನೋವಾಯಿತು, ಸುಳ್ಳು ಹೇಳಲಾರೆ. ದರದ ವಿಷಯ ಅಕ್ಕಂದಿರಿಗೆ ಇನ್ನೂ ಹೇಳಿಲ್ಲ, ಧೈರ್ಯಕ್ಕಾಗಿ ಪ್ರಾರ್ಥಿಸಿ.

ಆ ಹುಡುಗಿ ಪ್ರಾರ್ಥನೆಗೆ ಬರುವುದಿಲ್ಲ. ಕೆಲಸದ ಹೊತ್ತಿಗೆ ಸರಿಯಾಗಿ ಬಂದು ಯಂತ್ರದಲ್ಲೇ ಗರಗರ ಸದ್ದು ಮಾಡುತ್ತಾ ಬಾಬಿನ್ ಸುತ್ತುತ್ತಾಳೆ. ನಿನ್ನೆ ನಮ್ಮ ಟೇಪುಗಳನ್ನೆಲ್ಲ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡ್ತಿದ್ದೆ. ಅವಳೇ ಎದ್ದು ಬಂದು ಇನ್ನೊಂದು ತುದಿ ಹಿಡಿದುಕೊಂಡಳು. ಐದರಲ್ಲಿ ಎರಡು ಎಳೆದು ಉದ್ದವಾಗಿದ್ದವು. ಎರಡನ್ನೂ ಕತ್ತರಿಸಿ ಎಸೆದೆವು.