ಅಪ್‌ಡೇಟ್: ವಾಲ್‌ಪ್ರೊಯೇಟ್ ಬದಲಿಸಿದ ನಂತರ ತಂಗಿಯ ಗರ್ಭಧಾರಣೆ

ಅಪಸ್ಮಾರಕ್ಕೆ ವಾಲ್‌ಪ್ರೊಯೇಟ್ ಸೇವಿಸುತ್ತಿದ್ದ ನನ್ನ ತಂಗಿ ಗರ್ಭಿಣಿಯಾಗುವ ಮೊದಲು ಮಾತ್ರೆ ನಿಲ್ಲಿಸಬೇಕೇ ಎಂದು ಹಿಂದೆ ಕೇಳಿದ್ದೆ. ಒಮ್ಮೆಲೇ ನಿಲ್ಲಿಸಿದರೆ ಬರುವ ತೀವ್ರ ಸೆಳವು ತಾಯಿಯ ಜೀವಕ್ಕೂ ಮಗುವಿಗೂ ಅಪಾಯಕಾರಿ, ಆದ್ದರಿಂದ ನಿಧಾನವಾಗಿ ಬೇರೆ ಔಷಧಿಗೆ ಬದಲಾಯಿಸೋಣ ಎಂದು ನರರೋಗ ತಜ್ಞರು ನಿರ್ಧರಿಸಿದರು.

ಗರ್ಭಾವಸ್ಥೆಯಲ್ಲಿ ವಾಲ್‌ಪ್ರೊಯೇಟ್ ಸೇವಿಸಿದವರಲ್ಲಿ ಸುಮಾರು 10ರಲ್ಲಿ ಒಂದು ಮಗುವಿಗೆ ಬೆನ್ನುಹುರಿ, ಹೃದಯ ಅಥವಾ ಅಂಗುಳಿನ ಜನ್ಮಜಾತ ದೋಷ ಕಾಣಿಸಿಕೊಳ್ಳುತ್ತದೆ, ಶೇ. 30ರಿಂದ 40ರಷ್ಟು ಮಕ್ಕಳಲ್ಲಿ ಮಾತು, ಕಲಿಕೆ, ನಡವಳಿಕೆಯ ಬೆಳವಣಿಗೆ ಕುಂಠಿತವಾಗಬಹುದು. ಈ ಎರಡನೆಯ ಅಂಶವನ್ನು ಹೆಣ್ಣುಮಕ್ಕಳಿಗೆ ಮೊದಲೇ ತಿಳಿಸಬೇಕೆಂದು ನನಗೆ ಬಲವಾಗಿ ಅನಿಸುತ್ತದೆ, ಏಕೆಂದರೆ ಅದು ಯಾವ ಸ್ಕ್ಯಾನ್‌ನಲ್ಲಿಯೂ ಗೋಚರಿಸುವುದಿಲ್ಲ. ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ಭ್ರೂಣದ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ, ಅಂದರೆ ಎಷ್ಟೋ ಮಹಿಳೆಯರಿಗೆ ತಾವು ಬಸುರಿ ಎಂಬುದು ತಿಳಿಯುವ ಹೊತ್ತಿಗೇ, ಮುಚ್ಚಿಕೊಳ್ಳುವುದರಿಂದ ಔಷಧಿಯ ಬದಲಾವಣೆಯೂ ನರನಾಳದ ಬೆಳವಣಿಗೆಗೆ ಬೇಕಾದ ವಿಟಮಿನ್ ಆದ ಫೋಲಿಕ್ ಆಮ್ಲವೂ ಮುಂಚಿತವಾಗಿಯೇ ಆರಂಭವಾಗಬೇಕು.

ತಂಗಿ ಈಗ ಅಪಸ್ಮಾರದ ಇನ್ನೊಂದು ಔಷಧಿಯಾದ ಲ್ಯಾಮೋಟ್ರಿಜಿನ್ ಸೇವಿಸುತ್ತಿದ್ದಾಳೆ. ಇದರಲ್ಲಿ ಜನ್ಮದೋಷದ ಪ್ರಮಾಣ ಸಾಮಾನ್ಯ ಗರ್ಭಧಾರಣೆಗೆ ಹತ್ತಿರವಾಗಿಯೇ ಇದೆ. ಆದರೆ ಗರ್ಭಾವಸ್ಥೆಯಲ್ಲಿ ದೇಹವು ಈ ಔಷಧಿಯನ್ನು ಬಹಳ ಬೇಗ ಹೊರಹಾಕುವುದರಿಂದ ರಕ್ತದಲ್ಲಿ ಅದರ ಮಟ್ಟ ಕುಸಿಯಿತು, ಪ್ರಮಾಣವನ್ನು ಹೆಚ್ಚಿಸಬೇಕಾಯಿತು. ಹೆರಿಗೆಯ ನಂತರ ಅದನ್ನು ಮತ್ತೆ ಇಳಿಸದಿದ್ದರೆ ತಲೆಸುತ್ತು, ಎರಡೆರಡಾಗಿ ಕಾಣುವುದು ಮುಂತಾದ ತೊಂದರೆಗಳು ಬರುತ್ತವೆಯಂತೆ.

ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಯಾವ ದೋಷವೂ ಕಂಡಿಲ್ಲ. ಎದೆಹಾಲು ಉಣಿಸಲು ವೈದ್ಯರು ಒಪ್ಪಿದ್ದಾರೆ.