ಸಹಾಯ ಬೇಕು: ಹೊಲಿಗೆ, ಮನೆ, ಮಕ್ಕಳ ನಡುವೆ ಸುವಾರ್ತೆಗೆ ಹೊತ್ತು ಎಲ್ಲಿಂದ ತರಲಿ?

ಎಲ್ಲರಿಗೂ ವಂದನೆಗಳು. ನಾನು ಬೆಟಗೇರಿಯವಳು. ಮನೆ ಮುಂದಿನ ಖೋಲಿಯಲ್ಲೇ ಟೇಲರಿಂಗ್ ಮಾಡುತ್ತೇನೆ. ಅತ್ತೆಗೆ ಶುಗರ್, ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಡಬೇಕು. ಇಬ್ಬರು ಮಕ್ಕಳು. ಮದುವೆ ಸೀಸನ್‌ನಲ್ಲಿ ರಾತ್ರಿ ಹನ್ನೊಂದಾದರೂ ಮಷಿನ್ ನಿಲ್ಲುವುದಿಲ್ಲ.

ಚರ್ಚಿನ ಸಭೆಯಲ್ಲಿ ಬೈಬಲ್ಲಿನ ಮತ್ತಾಯ 28:19 (ಹೋಗಿ ಎಲ್ಲ ಜನರನ್ನೂ ಶಿಷ್ಯರನ್ನಾಗಿ ಮಾಡಿರಿ ಎಂಬ ಯೇಸುವಿನ ಮಾತು) ನೆನಪಿಸಿ, ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳಲು ಸಂಜೆ ಮನೆಭೇಟಿಗೆ ಹೆಸರು ಕೊಡಿ ಅನ್ನುತ್ತಾರೆ. ನಾನು ತಲೆ ತಗ್ಗಿಸಿ ಕೂರುತ್ತೇನೆ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನೂ ಕೊರಿಂಥ ಪಟ್ಟಣದಲ್ಲಿ ಡೇರೆ ಮಾಡುವ ಕೆಲಸ ಮಾಡಿದವನೇ ಅಲ್ವಾ? ಆದರೆ ಅವನಿಗೆ ಅತ್ತೆಯ ಇನ್ಸುಲಿನ್ ಚಿಂತೆ ಇರಲಿಲ್ಲ! ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳೂ ನಮ್ಮ ಕಡೆ ಬರೀ ಬೋಧನೆ ಮಾಡಲಿಲ್ಲ, ಶಾಲೆ, ಆಸ್ಪತ್ರೆ ನಡೆಸಿದರು.

ಹೋದ ವಾರ ಪಕ್ಕದ ಓಣಿಯ ಅಕ್ಕ ಜಂಪರ್ ಒಯ್ಯಲು ಬಂದಿದ್ದರು. "ಎಷ್ಟ್ ಕೆಲಸ ಇದ್ರೂ ಆದಿತ್ಯವಾರ ಮಷಿನ್ ಮುಚ್ಚತೀಯಲ್ಲ, ಯಾಕ?" ಅಂದರು. ನನ್ನ ತುಟಿಯಲ್ಲಿ ಗುಂಡುಪಿನ್ನು, ಕೈಯಲ್ಲಿ ಹುಕ್ಕು. "ಚರ್ಚ್ ಇರತದ್ರಿ" ಅಂದು ಸುಮ್ನಾದೆ. ಅವರು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದರು. ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಅನ್ನುತ್ತದೆ 1 ಪೇತ್ರ 3:15. ಕೇಳಿದಾಗಲೇ ನನ್ನ ಬಾಯಿ ಕಟ್ಟಿತು.

ದುಡಿಮೆ, ಮನೆ ಎರಡೂ ಇರುವವರು ಹೇಗೆ ಮಾಡುತ್ತೀರಿ? ಗಿರಾಕಿಗಳ ಮೇಲೆ ಹೇರಿದಂತೆ ಆಗಬಾರದು. ಆ ಅಕ್ಕನ ಮನೆಯ ಹೋಳಿಗೆ ತಿಂದವಳು ನಾನು. ಮನೆಭೇಟಿಗೆ ಆಗಲ್ಲ ಅಂತ ಸಭೆಯ ಹಿರಿಯರಿಗೆ ಬೇಜಾರಾಗದಂತೆ ಹೇಗೆ ಹೇಳಲಿ? ಬುಧವಾರ ಅಕ್ಕ ಸೀರೆಗೆ ಫಾಲ್ ಹಚ್ಚಿಸಲು ಬರುತ್ತಾರೆ. ಮಾತು ಎಲ್ಲಿಂದ ಶುರು ಮಾಡಲಿ?